ಹಾರಿಸಿ ಓದಲಿಕ್ಕೆ ಅದು ನಿನ್ನದಲ್ಲ

ಕಾಸರಗೋಡಿನ ಗಡಿಭಾಗದ ಒಂದು ಚರ್ಚಿನ ಸಭಾಂಗಣದಲ್ಲಿ ಭಾನುವಾರ ಮಧ್ಯಾಹ್ನ ಆಡಿದ ಮಾತುಗಳಿವು. ಬರೆಯುವಾಗ ಸ್ವಲ್ಪ ಸೇರಿಸಿದ್ದೇನೆ, ಸ್ವಲ್ಪ ಬಿಟ್ಟಿದ್ದೇನೆ. ಕೊನೆಗೆ ಸಭೆಯಿಂದ ಬಂದ ಒಂದು ಪ್ರಶ್ನೆಯೂ ಇದೆ.

ಹಿರಿಯರೇ, ಅಕ್ಕಂದಿರೇ, ತಮ್ಮ ತಂಗಿಯರೇ,

ನನ್ನ ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಆದರೆ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಎಲ್ಲರನ್ನೂ ಕೂರಿಸಿ ಸತ್ಯವೇದ, ಅಂದರೆ ಬೈಬಲ್, ಓದಿಸುತ್ತಿದ್ದವರು ಅವರೇ. ಓದುವ ಕೆಲಸ ನನ್ನದು. ಆಗ ನಾನು ಐದನೇ ಕ್ಲಾಸು. ನಮ್ಮ ಮನೆಮಾತು ತುಳು, ಪುಸ್ತಕ ಕನ್ನಡದ್ದು. ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿನ ಖಾನೆಯಲ್ಲಿ ಇಡುತ್ತಿದ್ದರು. ನನಗೆ ಬೇಗ ಮುಗಿಸಿ ಊಟಕ್ಕೆ ಕೂರುವ ಆಸೆ. ಉದ್ದದ ಅಧ್ಯಾಯ ಬಂದರೆ ನಡುವೆ ನಾಲ್ಕು ವಚನ ಹಾರಿಸಿಬಿಡುತ್ತಿದ್ದೆ. ಅಜ್ಜಿಗೆ ಅದು ಹೇಗೋ ಗೊತ್ತಾಗುತ್ತಿತ್ತು. "ಹಾರಿಸಿ ಓದಲಿಕ್ಕೆ ಅದು ನಿನ್ನದಲ್ಲ ಮಗಾ. ಪುನಃ ಓದು" ಅನ್ನುತ್ತಿದ್ದರು.

ಒಂದು ವರ್ಷ ಪಕ್ಕದ ಮನೆಯವರ ಜೊತೆ ತೋಡಿನ ನೀರಿಗೆ ಜಗಳವಾಗಿತ್ತು. ಮಳೆ ನಿಂತ ಮೇಲೆ ತೋಡಿಗೆ ಕಟ್ಟ ಹಾಕುವ ಹೊತ್ತಿಗೆ ಎಷ್ಟು ಮಾತು ಬರುತ್ತದೆ ಅಂತ ಅಡಿಕೆ ತೋಟ ಇರುವವರಿಗೆ ಗೊತ್ತು. ಎರಡು ಮನೆಗೂ ಮಾತು ನಿಂತಿತ್ತು. ಅಜ್ಜಿ ಆ ಕಡೆ ಮುಖ ಸಹ ತಿರುಗಿಸುತ್ತಿರಲಿಲ್ಲ. ಒಂದು ಸಂಜೆ ನಾನು ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯ ಓದುತ್ತಿದ್ದೆ. ಕಾಣಿಕೆ ತೆಗೆದುಕೊಂಡು ಬಂದವನೇ, ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಡು, ಮೊದಲು ಹೋಗಿ ಅವನೊಂದಿಗೆ ರಾಜಿಯಾಗು ಎಂಬ ಮಾತು ಬಂತು. ಅಜ್ಜಿ "ಸಾಕು" ಅಂದರು. ಟಾರ್ಚು ಹಿಡಿದು ಅಂಗಳ ಇಳಿದರು. ನಮಗೆ ಏನಾಯಿತು ಅಂತ ಅರ್ಥವಾಗುವ ಮೊದಲೇ ಅವರು ತೋಡಿನ ಸಂಕ ದಾಟಿ ಆಗಿತ್ತು. ಆವತ್ತಿನ ಪ್ರಾರ್ಥನೆ ಅರ್ಧಕ್ಕೇ ನಿಂತಿತು. ಊಟ ತಡವಾಯಿತು. ಮರುದಿನ ಎರಡು ಮನೆಯವರೂ ಸೇರಿ ಕಟ್ಟ ಹಾಕಿದರು.

ನನಗೆ ಇವತ್ತು ಕೊಟ್ಟ ವಿಷಯ 'ಸತ್ಯವೇದದ ಅಧಿಕಾರ'. ಈ ಬಗ್ಗೆ ದೊಡ್ಡ ದೊಡ್ಡ ಪುಸ್ತಕಗಳಿವೆ, ಕೆಲವನ್ನು ನಾನೂ ಓದಿದ್ದೇನೆ. ಆದರೆ ಅಧಿಕಾರ ಅಂದಾಗ ನನ್ನ ಕಣ್ಣಿಗೆ ಬರುವುದು ಆ ಟಾರ್ಚಿನ ಬೆಳಕು. ಅಜ್ಜಿಗೆ ಯಾರೂ ಹೋಗು ಅನ್ನಲಿಲ್ಲ. ಹೋಗದಿದ್ದರೆ ಯಾರೂ ಕೇಳುತ್ತಲೂ ಇರಲಿಲ್ಲ. ಒಬ್ಬ ಸಣ್ಣ ಹುಡುಗ ತಡವರಿಸುತ್ತಾ ಓದಿದ ಎರಡು ವಚನ ಅವರನ್ನು ಎಬ್ಬಿಸಿ ಕಳಿಸಿತು.

ಕನ್ನಡದಲ್ಲಿ ಅಧಿಕಾರ ಅಂದ ಕೂಡಲೇ ನಮಗೆ ಕಚೇರಿ ನೆನಪಾಗುತ್ತದೆ. ಸೀಲು, ಸಹಿ, ಗ್ರಾಮ ಕಚೇರಿಯ ಉದ್ದ ಸಾಲು. ಈ ಊರಿನವರಾದ ನಮಗಂತೂ ನಮಗೆ ಗೊತ್ತಿಲ್ಲದ ಮಲಯಾಳ ಲಿಪಿಯಲ್ಲಿ ಬರುವ ನೋಟೀಸು. ಹಾಗಾಗಿ ಸತ್ಯವೇದಕ್ಕೆ ಅಧಿಕಾರವಿದೆ ಅಂದರೆ, ಅದೂ ಮೇಲಿನಿಂದ ಬಂದ ಒಂದು ನೋಟೀಸು ಅಂತ ಅನ್ನಿಸುವುದು ಸಹಜ. ಆದರೆ ಸುವಾರ್ತೆಗಳಲ್ಲಿ ಆ ಪದ ಬರುವ ಜಾಗ ನೋಡಿ. ಯೇಸು ಬೆಟ್ಟದ ಮೇಲೆ ಮಾತಾಡಿ ಮುಗಿಸಿದಾಗ ಜನ ಬೆರಗಾದರು, ಯಾಕೆಂದರೆ ಆತ ಶಾಸ್ತ್ರಿಗಳ ಹಾಗೆ ಅಲ್ಲ, ಅಧಿಕಾರ ಇದ್ದವನ ಹಾಗೆ ಕಲಿಸಿದ ಎಂದು ಮತ್ತಾಯ ಬರೆಯುತ್ತಾನೆ. ಆತನಿಗೆ ಯಾವ ಕಚೇರಿಯೂ ಇರಲಿಲ್ಲ, ಬಡಗಿಯ ಮಗ. ಕಚೇರಿ ಇದ್ದವರು ಶಾಸ್ತ್ರಿಗಳು.

ಹೀಬ್ರೂ ಭಾಷೆಯಲ್ಲಿ 'ದಾಬಾರ್' ಎಂಬ ಪದವಿದೆ. ಅದಕ್ಕೆ ಮಾತು ಎಂದೂ ಅರ್ಥ, ನಡೆದ ಸಂಗತಿ ಎಂದೂ ಅರ್ಥ. ತುಳುನಾಡಿನವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ನೇಮದ ಕಳದಲ್ಲಿ ದೈವದ ನುಡಿಗೆ ಊರು ಹೇಗೆ ಕಿವಿಗೊಡುತ್ತದೆ ಅಂತ ನಾವು ನೋಡಿದ್ದೇವೆ. ಆಡಿದ ಮಾತು ಗಾಳಿಯಲ್ಲಿ ಹೋಗುವುದಿಲ್ಲ, ಅದಕ್ಕೆ ಭಾರ ಇದೆ ಎಂಬುದು ಈ ಮಣ್ಣಿನಲ್ಲೇ ಉಂಟು. ನನ್ನ ನಂಬಿಕೆ ಬೇರೆ. ಆದರೆ ಮಾತಿನ ಭಾರ ಏನು ಅಂತ ನಾನು ಮೊದಲು ಕಲಿತದ್ದು ಈ ಊರಿನ ನೆರೆಹೊರೆಯಲ್ಲೇ.

ಈಗ ಒಂದು ಕಷ್ಟದ ವಿಷಯ. ವಚನ ಎತ್ತಿ ಹೇಳಿದ ಮಾತ್ರಕ್ಕೆ ಅದು ಸತ್ಯವೇದದ ಅಧಿಕಾರ ಆಗುವುದಿಲ್ಲ. ಇದನ್ನು ನಮಗೆ ಹೇಳಿಕೊಡುವುದೂ ಸತ್ಯವೇದವೇ. ಮತ್ತಾಯ 4ನೇ ಅಧ್ಯಾಯದಲ್ಲಿ ಸೈತಾನ ಯೇಸುವನ್ನು ದೇವಾಲಯದ ತುದಿಗೆ ಕರೆದುಕೊಂಡು ಹೋಗಿ ಕೆಳಗೆ ಹಾರು ಅನ್ನುತ್ತಾನೆ. ಹಾರಲು ಆಧಾರವಾಗಿ ವಚನವನ್ನೇ ಕೊಡುತ್ತಾನೆ. 91ನೇ ಕೀರ್ತನೆ. ನಿನ್ನ ಕಾಲು ಕಲ್ಲಿಗೆ ತಗಲದಂತೆ ದೂತರು ನಿನ್ನನ್ನು ಕೈಯಲ್ಲಿ ಎತ್ತಿಕೊಳ್ಳುವರು ಅಂತ. ಮಾತು ಸರಿಯಾಗಿಯೇ ಇದೆ. ಆದರೆ ಮೂಲ ಕೀರ್ತನೆ ತೆರೆದು ಪಕ್ಕದಲ್ಲಿಟ್ಟು ನೋಡಿ. 'ನಿನ್ನ ಎಲ್ಲಾ ಮಾರ್ಗಗಳಲ್ಲಿ ಕಾಯುವರು' ಎಂಬ ತುಂಡು ಅವನ ಬಾಯಲ್ಲಿ ಇಲ್ಲ. ಸರ್ಪವನ್ನು ತುಳಿಯುವಿ ಎಂಬ ಮುಂದಿನ ವಚನದ ತನಕ ಅವನು ಹೋಗುವುದೇ ಇಲ್ಲ. ಅವನೂ ಹಾರಿಸಿ ಓದಿದ. ಯೇಸು ಮೂರು ಸಲವೂ ಧರ್ಮೋಪದೇಶಕಾಂಡದ ಮಾತಿನಿಂದಲೇ ಉತ್ತರ ಕೊಟ್ಟರು. ಇಬ್ಬರ ಬಾಯಲ್ಲೂ ಶಾಸ್ತ್ರವೇ. ಒಬ್ಬ ಅದನ್ನು ಬಳಸಿಕೊಂಡ, ಇನ್ನೊಬ್ಬರು ಅದಕ್ಕೆ ತಲೆಬಾಗಿದರು.

ಈ ವ್ಯತ್ಯಾಸ ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಒಂದು ಮನೆಯ ಒಳಕೋಣೆಯಲ್ಲಿ ಗೊತ್ತಾಯಿತು. ಅದನ್ನು ಹೇಳದೆ ಮುಂದೆ ಹೋಗಲು ನನಗೆ ಆಗುವುದಿಲ್ಲ.

ಎಣ್ಮಕಜೆ ಕಡೆಯವರು ಇಲ್ಲಿ ಇದ್ದೀರಿ. ನಿಮಗೆ ನಾನು ಏನು ಹೇಳುವುದು? 1970ರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಗುಡ್ಡಗಳ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಗುಡ್ಡದ ಮೇಲೆ ಬಿದ್ದದ್ದು ನೀರಿಗಾಗಿ ಕೊರೆದ ಸುರಂಗಕ್ಕೆ, ಬಾವಿಗೆ, ತೋಡಿಗೆ ಇಳಿಯಿತು. ತೋಟಗಳ ಸುತ್ತಿನ ಊರುಗಳಲ್ಲಿ ಎಷ್ಟೋ ಮಕ್ಕಳು ಹುಟ್ಟುವಾಗಲೇ ನಡೆಯಲಾಗದ, ಮಾತಾಡಲಾಗದ ಸ್ಥಿತಿಯಲ್ಲಿ ಹುಟ್ಟಿದರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ನಿಲ್ಲಿಸಿತು. ಅದಕ್ಕೆ ಮೊದಲು, ಕಾರಣ ಏನೆಂದೇ ಗೊತ್ತಿಲ್ಲದ ಎಷ್ಟೋ ವರ್ಷ, ಜನ ಅದನ್ನು ಶಾಪ ಅಂದರು.

ಆ ಕಾಲದಲ್ಲಿ ನಾನು ಒಬ್ಬ ಬೋಧಕರ ಜೊತೆ ಒಂದು ಮನೆಗೆ ಹೋಗಿದ್ದೆ. ಯಾರು, ಯಾವ ಊರು ಎಂಬುದು ಬೇಡ. ಚಾಪೆಯ ಮೇಲೆ ಮಗು ಮಲಗಿತ್ತು. ಎಂಟು ವರ್ಷ ಅಂದರು, ನೋಡಲು ಮೂರು ವರ್ಷದ್ದರ ಹಾಗೆ. ತಾಯಿ ಒಂದು ಕೈಯಲ್ಲಿ ಬೀಸಣಿಗೆ ಬೀಸುತ್ತಾ ಕೂತಿದ್ದರು. ಬೋಧಕರು ಸತ್ಯವೇದ ತೆರೆದು ವಿಮೋಚನಕಾಂಡ 20ನೇ ಅಧ್ಯಾಯದ 5ನೇ ವಚನ ಓದಿದರು. ತಂದೆಗಳ ದೋಷಫಲವನ್ನು ಮಕ್ಕಳ ಮೇಲೆ ಮೂರು ನಾಲ್ಕು ತಲೆಗಳವರೆಗೆ ಬರಮಾಡುವೆನು ಎಂಬ ಮಾತು. ಓದಿ, ಹಿರಿಯರ ಪಾಪವನ್ನು ನೆನಪು ಮಾಡಿ ಅರಿಕೆ ಮಾಡಿಕೊಳ್ಳಿ ಅಂದರು. ತಾಯಿಯ ಕೈ ನಿಂತಿತು. "ನಾವು ಎಂತ ಮಾಡಿದ್ದು?" ಅಂತ ಕೇಳಿದರು. ಬೋಧಕರನ್ನು ಕೇಳಲಿಲ್ಲ, ನನ್ನ ಮುಖ ನೋಡಿ ಕೇಳಿದರು. ನಾನು ತಲೆ ತಗ್ಗಿಸಿ ಸುಮ್ನೆ ಕೂತೆ. ಆ ಮೌನ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಮನೆಗೆ ಬಂದು ಅದೇ ಅಧ್ಯಾಯ ತೆರೆದೆ. 6ನೇ ವಚನ ಅಲ್ಲೇ ಇತ್ತು. ಸಾವಿರ ತಲೆಗಳವರೆಗೆ ದಯೆ ತೋರಿಸುವೆನು ಅಂತ. ಮೂರು ನಾಲ್ಕಕ್ಕೆ ಎದುರಾಗಿ ಸಾವಿರ. ಅವರು ಅಲ್ಲಿಯವರೆಗೆ ಓದಲಿಲ್ಲ, ನಾನೂ ಓದಿ ಅನ್ನಲಿಲ್ಲ. ಅಲ್ಲಿಂದ ಯೆಹೆಜ್ಕೇಲನ 18ನೇ ಅಧ್ಯಾಯಕ್ಕೆ ಹೋದೆ. ಬಾಬಿಲೋನಿನ ಸೆರೆಯಲ್ಲಿದ್ದ ಜನ ಒಂದು ಗಾದೆ ಹೇಳುತ್ತಿದ್ದರು. ಅಪ್ಪಂದಿರು ಹುಳಿ ದ್ರಾಕ್ಷಿ ತಿಂದರು, ಮಕ್ಕಳ ಹಲ್ಲು ಜುಮ್ಮೆಂದಿತು ಅಂತ. ಇನ್ನು ಮೇಲೆ ಈ ಗಾದೆ ನಿಮ್ಮ ಬಾಯಲ್ಲಿ ಬರಬಾರದು ಎಂದು ದೇವರು ಆಣೆಯಿಟ್ಟು ಹೇಳುವ ಅಧ್ಯಾಯ ಅದು. ಮಗ ಅಪ್ಪನ ದೋಷ ಹೊರುವುದಿಲ್ಲ ಎಂದು ಅಲ್ಲಿ ಬಿಡಿಸಿ ಬರೆದಿದೆ. ಆಮೇಲೆ ಯೋಹಾನನ 9ನೇ ಅಧ್ಯಾಯ. ಹುಟ್ಟು ಕುರುಡನನ್ನು ನೋಡಿ ಶಿಷ್ಯರು ಕೇಳುವ ಪ್ರಶ್ನೆ ನಮ್ಮ ಊರಿನ ಪ್ರಶ್ನೆಯೇ. ಇವನು ಕುರುಡನಾಗಿ ಹುಟ್ಟಲು ಯಾರು ಪಾಪ ಮಾಡಿದರು, ಇವನೋ, ಇವನ ತಂದೆತಾಯಿಯೋ? ಯೇಸುವಿನ ಉತ್ತರ: ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ.

ಮುಂದಿನ ವಾರ ಆ ಮನೆಗೆ ಒಬ್ಬನೇ ಹೋದೆ. ಏನೂ ವಿವರಿಸಲಿಲ್ಲ. ಕ್ಷಮಿಸಿ ಅಂದೆ, ಆ ಮೂರು ವಚನ ಓದಿದೆ. ತಾಯಿ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ಅದನ್ನೊಮ್ಮೆ ಪುನಃ ಓದಿ" ಅಂದರು. ಓದಿದೆ. ಮಗುವಿನ ಕಿವಿಯ ಹತ್ತಿರ ಬಗ್ಗಿ, ಕೇಳಿತಾ ಅಂತ ತುಳುವಿನಲ್ಲಿ ಕೇಳಿದರು.

ಆ 9ನೇ ಅಧ್ಯಾಯವನ್ನು ಆಮೇಲೆ ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಅದರಲ್ಲೊಂದು ಗಂಟು ಉಂಟು, ಅದನ್ನು ಮುಚ್ಚಿಡುವುದು ಸರಿಯಲ್ಲ. ಇವನಲ್ಲಿ ದೇವರ ಕ್ರಿಯೆಗಳು ಕಾಣಿಸಿಕೊಳ್ಳುವುದಕ್ಕೆ ಹೀಗಾಯಿತು ಎಂದು ನಮ್ಮ ಭಾಷಾಂತರಗಳು ಹೇಳುತ್ತವೆ. ದೇವರ ಮಹಿಮೆಗಾಗಿ ನಿಮ್ಮ ಮಗು ಹೀಗೆ ಹುಟ್ಟಿತು ಎಂದು ಆ ತಾಯಿಗೆ ಹೇಳುವ ಧೈರ್ಯ ನನಗಿಲ್ಲ. ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಈಗಿನ ಹಾಗೆ ಪೂರ್ಣವಿರಾಮ, ಅಲ್ಪವಿರಾಮ ಇರುತ್ತಿರಲಿಲ್ಲ. ಹಾಗಾಗಿ ಕೆಲವು ವಿದ್ವಾಂಸರು ಇಲ್ಲಿ ವಾಕ್ಯವನ್ನು ಬೇರೆ ಜಾಗದಲ್ಲಿ ನಿಲ್ಲಿಸುತ್ತಾರೆ. ಇವನೂ ಪಾಪ ಮಾಡಲಿಲ್ಲ, ಇವನ ತಂದೆತಾಯಿಯೂ ಮಾಡಲಿಲ್ಲ. ಅಲ್ಲಿಗೆ ಪೂರ್ಣವಿರಾಮ. ಆದರೆ ದೇವರ ಕ್ರಿಯೆಗಳು ಇವನಲ್ಲಿ ಕಾಣಬೇಕಾದರೆ ಹಗಲು ಇರುವಾಗಲೇ ನಾವು ಕೆಲಸ ಮಾಡಬೇಕು. ನನಗೆ ಈ ಓದು ಸರಿ ಅನ್ನಿಸುತ್ತದೆ. ಯಾಕೆಂದರೆ ಯೇಸು ಮರುಕ್ಷಣವೇ ಮಣ್ಣು ಕಲಸಿ ಕೆಲಸಕ್ಕೆ ಇಳಿಯುತ್ತಾರೆ.

ಇನ್ನೊಂದು. ಕಣ್ಣು ಬಂದವನನ್ನು ಯೆಹೂದ್ಯರ ಒಂದು ಧರ್ಮಪಂಥದವರಾದ ಫರಿಸಾಯರು ವಿಚಾರಣೆ ಮಾಡುವಾಗ "ನಾವು ಮೋಶೆಯ ಶಿಷ್ಯರು" ಅನ್ನುತ್ತಾರೆ. ಅಂದರೆ ಶಾಸ್ತ್ರ ನಮ್ಮ ಕೈಯಲ್ಲಿದೆ ಅಂತ. ಕೊನೆಗೆ, ನೀನು ಬರೀ ಪಾಪದಲ್ಲೇ ಹುಟ್ಟಿದವನು, ನಮಗೇ ಕಲಿಸುತ್ತೀಯಾ ಎಂದು ಅವನನ್ನು ಹೊರಗೆ ಹಾಕುತ್ತಾರೆ. ಯೇಸು ತೆಗೆದುಹಾಕಿದ ಮಾತನ್ನೇ ಅವರು ಪುನಃ ಅವನ ತಲೆಗೆ ಕಟ್ಟಿದರು. ನಾವು ಆವತ್ತು ಆ ಮನೆಯಲ್ಲಿ ಮಾಡಿದ್ದೂ ಅದನ್ನೇ ಅಲ್ವಾ? ಸತ್ಯವೇದಕ್ಕೆ ಅಧಿಕಾರ ಇದೆ ಎಂದು ನಾನು ನಂಬುವುದು ಇದೇ ಕಾರಣಕ್ಕೆ. ಅದು ನಮ್ಮ ಕೈಯಲ್ಲಿದ್ದಾಗಲೂ ನಮ್ಮ ಮಾತು ಕೇಳುವುದಿಲ್ಲ. ನಾವು ತಪ್ಪಾಗಿ ಬಳಸಿದರೆ ನಾಲ್ಕು ಪುಟದ ಆಚೆ ಕೂತು ನಮ್ಮನ್ನೇ ತಡೆಯುತ್ತದೆ.

ಯಾರೋ ತಾಳಮದ್ದಳೆಯ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದ, ಹೋಲಿಕೆ ಕೊಡಿ ಅಂತ ಹೊರಗೆ ಚಹಾ ಕುಡಿಯುವಾಗ ಹೇಳಿದರು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆಯ ಪಕ್ಕದಲ್ಲಿ ನಿಂತು ಅದನ್ನು ಬಿಡುವುದು ಹೇಗೆ? ಮೊದಲು ಒಂದು ಪದದ ವಿಷಯ. ನಮ್ಮ ಚರ್ಚಿನಲ್ಲಿ ಪ್ರಸಂಗ ಅಂದರೆ ಬೋಧಕರು ಆಡುವ ಮಾತು. ಯಕ್ಷಗಾನದಲ್ಲಿ ಪ್ರಸಂಗ ಅಂದರೆ ಬರೆದಿಟ್ಟ ಪದ್ಯಗಳ ಕೃತಿ. ಅಲ್ಲಿ ಬರೆದದ್ದು ಪ್ರಸಂಗ, ಆಡುವುದು ಅರ್ಥ. ನಾವೂ ಆಡುವುದನ್ನು ಅರ್ಥ ಎಂದೇ ಕರೆದಿದ್ದರೆ ಎಷ್ಟೋ ಗೊಂದಲ ಕಡಿಮೆಯಾಗುತ್ತಿತ್ತು ಎಂದು ನನಗೆ ಅನ್ನಿಸುವುದುಂಟು.

ವಾಲಿವಧೆಯ ಕೂಟ ನೋಡಿ. ಒಳ್ಳೆಯ ಅರ್ಥಧಾರಿ ವಾಲಿಯಾಗಿ ಕೂತರೆ ರಾಮನನ್ನು ಮೂಲೆಗೆ ಸೇರಿಸಿಬಿಡುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಅಂತ ಕೇಳುವಾಗ ಸಭೆ ಪೂರ್ತಿ ವಾಲಿಯ ಕಡೆ. ಅಷ್ಟು ಸ್ವಾತಂತ್ರ್ಯ ಇದೆ. ಪ್ರತಿ ರಾತ್ರಿ ಅರ್ಥ ಹೊಸದು. ಆದರೆ ಬಾಣ ಹಿಂದೆ ಹೋಗುವುದಿಲ್ಲ, ವಾಲಿ ಎದ್ದು ಮನೆಗೆ ಹೋಗುವುದಿಲ್ಲ. ಹಾಡುವ ಭಾಗವತರು ಮುಂದಿನ ಪದ್ಯ ಎತ್ತಿದರೆ ಎಂಥ ಮಾತುಗಾರನೂ ಅಲ್ಲಿಗೆ ಬರಲೇಬೇಕು. ಪದ್ಯ ಬಿಟ್ಟು ಅರ್ಥ ಹೇಳುವವನನ್ನು ಜನ ಮಾತುಗಾರ ಅನ್ನಬಹುದು, ಅರ್ಥಧಾರಿ ಅನ್ನುವುದಿಲ್ಲ. ಸತ್ಯವೇದದ ಮುಂದೆ ಬೋಧಕನ ಜಾಗ ಹೀಗೆಯೇ. ಕೇಳುವ ಹಕ್ಕಿದೆ. ಯೋಬನ ಹಾಗೆ ದೇವರ ಜೊತೆ ವಾದ ಮಾಡುವ ಹಕ್ಕೂ ಇದೆ. ಆ ಪುಸ್ತಕದ ಕೊನೆಯಲ್ಲಿ ದೇವರು ಸಿಟ್ಟಾಗುವುದು ವಾದ ಮಾಡಿದ ಯೋಬನ ಮೇಲಲ್ಲ, ಯೋಬನ ಕಷ್ಟಕ್ಕೆ ಪಾಪವೇ ಕಾರಣ ಅಂದ ಗೆಳೆಯರ ಮೇಲೆ. ಪದ್ಯ ಹಾರಿಸುವ ಹಕ್ಕು ಮಾತ್ರ ಯಾರಿಗೂ ಇಲ್ಲ. ಹೋಲಿಕೆ ಇಷ್ಟಕ್ಕೇ. ಕೂಟ ಮುಗಿದರೆ ನಾವು ಚಾಪೆ ಮಡಚಿ ಮನೆಗೆ ಹೋಗುತ್ತೇವೆ, ಈ ಪುಸ್ತಕ ನಮ್ಮ ಜೊತೆ ಮನೆಗೆ ಬರುತ್ತದೆ.

ಹಾಗಾದರೆ ಇದು ಮನುಷ್ಯರು ಬರೆದದ್ದಲ್ಲವೇ ಎಂದು ಯುವಕರು ಕೇಳುತ್ತಾರೆ. ಹೌದು, ಮನುಷ್ಯರೇ ಬರೆದದ್ದು. ಅದನ್ನು ಒಪ್ಪಲು ನಾವು ಯಾಕೆ ಹೆದರಬೇಕು? ಲೂಕ ತಾನು ಎಲ್ಲವನ್ನೂ ಮೊದಲಿನಿಂದ ವಿಚಾರಿಸಿ ಬರೆದೆ ಅನ್ನುತ್ತಾನೆ. ಪೌಲ ಕೊರಿಂಥದವರಿಗೆ ಬರೆಯುವಾಗ ಸ್ತೆಫನನ ಮನೆಯವರಿಗೆ ದೀಕ್ಷಾಸ್ನಾನ ಮಾಡಿಸಿದೆ, ಬೇರೆ ಯಾರಿಗಾದರೂ ಮಾಡಿಸಿದೆನೋ ನೆನಪಿಲ್ಲ ಅನ್ನುತ್ತಾನೆ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ ತ್ರೋವದಲ್ಲಿ ಬಿಟ್ಟು ಬಂದ ಮೇಲಂಗಿ ತಾ ಎಂಬ ಮಾತಿದೆ. ಅದೇ ಪತ್ರದಲ್ಲೇ ಶಾಸ್ತ್ರವೆಲ್ಲ ದೈವಪ್ರೇರಿತ ಎಂಬ ದೊಡ್ಡ ಮಾತೂ ಇರುವುದು. ಅಲ್ಲಿನ ಗ್ರೀಕ್ ಪದಕ್ಕೆ ನೇರ ಅರ್ಥ 'ದೇವರು ಉಸಿರಿದ್ದು'. ಆದಿಕಾಂಡದಲ್ಲಿ ದೇವರು ಮಣ್ಣಿನ ಮನುಷ್ಯನಿಗೆ ಉಸಿರು ಊದಿದರು. ಉಸಿರು ಬಂದ ಮೇಲೆ ಅವನು ಬದುಕಿದ, ಮಣ್ಣು ಮಣ್ಣಾಗಿಯೇ ಇತ್ತು. ನನಗೆ ಈ ಪುಸ್ತಕವೂ ಹಾಗೆಯೇ ಕಾಣುತ್ತದೆ. ಚಳಿಗೆ ಮೇಲಂಗಿ ಕೇಳುವ ಒಬ್ಬ ಮುದುಕ, ಅವನ ಮಾತಿನಲ್ಲಿ ದೇವರ ಉಸಿರು.

ಬೇಳದ ಕಡೆಯಿಂದ ಬಂದ ಕಥೋಲಿಕ ಬಂಧುಗಳು ಇಲ್ಲಿದ್ದೀರಿ. ನಿಮ್ಮ ಬೈಬಲಿನಲ್ಲಿ 73 ಪುಸ್ತಕ, ಪ್ರೊಟೆಸ್ಟಂಟರಾದ ನಮ್ಮದರಲ್ಲಿ 66. ಹೊಸ ಒಡಂಬಡಿಕೆಯ 27 ಎಲ್ಲರಿಗೂ ಒಂದೇ. ಈಗ ನಾವು ಓದುವ ಅದೇ 27ರ ಪಟ್ಟಿ ಮೊದಲು ಸಿಗುವುದು ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ 367ರಲ್ಲಿ ಬರೆದ ಪಾಸ್ಖ ಹಬ್ಬದ ಪತ್ರದಲ್ಲಿ. ಅಷ್ಟು ತಡವೇ ಎಂದು ಕೆಲವರಿಗೆ ಆಶ್ಚರ್ಯವಾಗುತ್ತದೆ. ಆದರೆ ಆ ಮುನ್ನೂರು ವರ್ಷದಲ್ಲಿ ಏನಾಯಿತು ಎಂಬುದೇ ನನಗೆ ಮುಖ್ಯ. ಎರಡನೆಯ ಶತಮಾನದಲ್ಲಿ ಮಾರ್ಸಿಯನ್ ಎಂಬವನು ಹಳೆಯ ಒಡಂಬಡಿಕೆ ಪೂರ್ತಿ ಬೇಡ, ಲೂಕನ ಸುವಾರ್ತೆಯನ್ನು ಕತ್ತರಿಸಿ ಇಟ್ಟುಕೊಳ್ಳೋಣ, ಪೌಲನ 10 ಪತ್ರ ಸಾಕು ಅಂದ. ಇಡೀ ಕ್ರೈಸ್ತ ಸಭೆಯನ್ನೇ ಹಾರಿಸಿ ಓದುವಂತೆ ಮಾಡಲು ಹೊರಟವನು ಅವನು. ರೋಮಿನ ಸಭೆ ಅವನನ್ನು ಒಪ್ಪಲಿಲ್ಲ. ಜರ್ಮನಿಯ ಸುಧಾರಕ ಲೂಥರನಿಗೂ ಯಾಕೋಬನ ಪತ್ರ ಇಷ್ಟವಿರಲಿಲ್ಲ, ಹುಲ್ಲಿನ ಪತ್ರ ಎಂದು ಕರೆದ. ಆದರೂ 1522ರಲ್ಲಿ ತನ್ನ ಜರ್ಮನ್ ಹೊಸ ಒಡಂಬಡಿಕೆ ಅಚ್ಚು ಹಾಕಿಸುವಾಗ ಅದನ್ನು ಬಿಡಲಿಲ್ಲ. ಕೊನೆಗೆ ತಳ್ಳಿದ, ಆದರೆ ಒಳಗೇ ಇಟ್ಟ. ತನಗೆ ಹಿಡಿಸದ ಪುಸ್ತಕವೂ ತನ್ನ ಮೇಲೆ ಇರಲಿ ಎಂದು ಬಿಟ್ಟದ್ದರಲ್ಲಿ ಅವನ ದೊಡ್ಡತನ ಇದೆ.

ಪಟ್ಟಿ ಮಾಡಿದ್ದು ಸಭೆ, ಹಾಗಾದರೆ ಸಭೆಯೇ ಪುಸ್ತಕಕ್ಕಿಂತ ದೊಡ್ಡದಲ್ಲವೇ? ಇದು ನಿಮ್ಮವರೂ ನಮ್ಮವರೂ ನಾನೂರು ವರ್ಷ ಜಗಳ ಮಾಡಿದ ಪ್ರಶ್ನೆ. ಪರಂಪರೆಯ ಜಾಗ ಎಷ್ಟು ಎಂಬುದರಲ್ಲಿ ಇವತ್ತಿಗೂ ನಾವು ಒಂದಾಗಿಲ್ಲ. ಆದರೆ ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ದೇವರ ವಾಕ್ಯದ ಬಗ್ಗೆ ಹೊರಡಿಸಿದ ದಾಖಲೆಯಲ್ಲಿ, ಸಭೆಯ ಬೋಧನಾಧಿಕಾರ ದೇವರ ವಾಕ್ಯಕ್ಕಿಂತ ಮೇಲಲ್ಲ, ಅದರ ಸೇವಕ ಎಂದು ಇದೆ. 1947ರಲ್ಲಿ ಹುಟ್ಟಿದ ನಮ್ಮ ದಕ್ಷಿಣ ಭಾರತ ಸಭೆ ಸತ್ಯವೇದವನ್ನು ನಂಬಿಕೆಯ ಅತಿ ಮೇಲಿನ, ಕೊನೆಯ ಅಳತೆ ಎಂದು ಒಪ್ಪಿಕೊಂಡಿದೆ. ದಾರಿ ಬೇರೆ ಬೇರೆ ಇದ್ದರೂ ಎರಡು ಮಾತನ್ನೂ ಅಕ್ಕಪಕ್ಕ ಇಟ್ಟು ಓದುವಾಗ ನನಗೆ ಸಂತೋಷವಾಗುತ್ತದೆ.

ಹಸ್ತಪ್ರತಿಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 1947ರಲ್ಲಿ ಮೃತಸಮುದ್ರದ ಹತ್ತಿರದ ಗುಹೆಯಲ್ಲಿ ಸಿಕ್ಕಿದ ಯೆಶಾಯನ ಸುರುಳಿ, ಅಲ್ಲಿಯವರೆಗೆ ಕೈಯಲ್ಲಿದ್ದ ಹೀಬ್ರೂ ಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಳೆಯದು. ಸಣ್ಣಪುಟ್ಟ ವ್ಯತ್ಯಾಸ ಬಹಳ ಇವೆ, ಪುಸ್ತಕ ಮಾತ್ರ ಅದೇ. ಹಾಗೆಯೇ ಯೋಹಾನ 8ರ ಆರಂಭದ, ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಕಥೆ, ಮಾರ್ಕನ ಕೊನೆಯ 12 ವಚನ ಅತಿ ಹಳೆಯ ಗ್ರೀಕ್ ಪ್ರತಿಗಳಲ್ಲಿ ಇಲ್ಲ. ಇದನ್ನು ಮಕ್ಕಳಿಗೆ ನಾವೇ ಹೇಳಬೇಕು. ಹೊರಗಿನಿಂದ ಕೇಳಿ ಗಾಬರಿಯಾಗುವ ಹಾಗೆ ಬಿಡಬಾರದು.

ಭಾಷೆಯ ಬಗ್ಗೆ ಮಾತಾಡದೆ ಕಾಸರಗೋಡಿನಲ್ಲಿ ಯಾವ ಉಪನ್ಯಾಸವೂ ಮುಗಿಯುವುದಿಲ್ಲ. ಯೇಸು ಆಡಿದ್ದು ಅರಮಾಯಿಕ್ ಭಾಷೆ. ಸುವಾರ್ತೆಗಳು ಗ್ರೀಕ್‌ನಲ್ಲಿವೆ. ಅಂದರೆ ಸುವಾರ್ತೆಗಳಲ್ಲಿರುವ ಯೇಸುವಿನ ಮಾತೇ ಬಹುಪಾಲು ಅನುವಾದ. ನಡುವೆ ಕೆಲವು ಮಾತು ಮಾತ್ರ ಹಾಗೇ ಉಳಿದಿವೆ. ಸತ್ತ ಹುಡುಗಿಯ ಕೈಹಿಡಿದು "ತಲಿಥಾ ಕೂಮ್" ಅಂದದ್ದು. ಕಿವುಡನಿಗೆ "ಎಫ್ಫಥಾ" ಅಂದದ್ದು. ಕೇಳಿದವರಿಗೆ ಆ ದನಿ ಮರೆಯಲು ಆಗಲಿಲ್ಲವೇನೋ. ದೇವರ ಮಾತು ಒಂದೇ ಭಾಷೆಯಲ್ಲಿದ್ದರೆ ಮಾತ್ರ ದೇವರ ಮಾತು ಎಂದು ಕ್ರೈಸ್ತರು ಹೇಳುವುದಿಲ್ಲ. ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದ ಪಂಚಾಶತ್ತಮ ದಿನ ಪ್ರತಿಯೊಬ್ಬನೂ ತನ್ನ ತನ್ನ ಭಾಷೆಯಲ್ಲಿ ಕೇಳಿದ.

ನಮ್ಮ ಕರಾವಳಿಗೆ ಬಾಸೆಲ್ ಮಿಶನಿನವರು 1834ರಲ್ಲಿ ಬಂದರು. ಆಗ ಇದೆಲ್ಲ ಮದ್ರಾಸಿನ ಕೆನರಾ ಜಿಲ್ಲೆ. 1847ರ ಹೊತ್ತಿಗೆ ತುಳುವಿನಲ್ಲಿ ಹೊಸ ಒಡಂಬಡಿಕೆ ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ತುಳು ಮಾತಾಡುವವರಿಗೆ ಕನ್ನಡವೇ ಸಾಕು ಅನ್ನಬಹುದಿತ್ತು, ಅನ್ನಲಿಲ್ಲ. ಮನೆಯ ಭಾಷೆಯಲ್ಲಿ ಕೇಳಿದಾಗ ಮಾತು ಒಳಗೆ ಇಳಿಯುತ್ತದೆ ಎಂದು ಗೊತ್ತಿತ್ತು. 'ಒಡಂಬಡಿಕೆ' ಎಂಬ ಪದವನ್ನೇ ನೋಡಿ. ಇಬ್ಬರು ಮನಸಾರೆ ಒಪ್ಪಿಕೊಂಡದ್ದು ಎಂದು ಅರ್ಥ. ಕಾನೂನು, ಆಜ್ಞೆ ಎಂಬ ಪದಗಳೂ ಇದ್ದವು. ಪುಸ್ತಕದ ಎರಡು ಭಾಗಕ್ಕೂ ಹೆಸರಾಗಿ ನಿಂತದ್ದು ಒಡಂಬಡಿಕೆ.

ನಮ್ಮದೇ ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲ. ಯೇಸುವಿನ ಕೊನೆಯ ದಿನದ ಮೇಲೆ 'ಗೊಲ್ಗೊಥಾ' ಬರೆದರು. ಆ ಕಥೆ ಅವರನ್ನು ಹಿಡಿಯಿತು. ಚರ್ಚಿನ ಯಾವ ನಿಯಮವೂ ಅವರ ಮೇಲೆ ಇರಲಿಲ್ಲ. ಪುಸ್ತಕದ ಅಧಿಕಾರ ನಮ್ಮ ಬೇಲಿಯೊಳಗೇ ನಿಲ್ಲುವುದಿಲ್ಲ ಎಂದು ನಾನು ಧೈರ್ಯವಾಗಿ ಹೇಳುವುದು ಅಂಥವರನ್ನು ನೆನೆದು.

ಈಗ ನಮ್ಮ ಮನೆಗಳಲ್ಲಿ ಏನಾಗುತ್ತಿದೆ? 1956ರ ನವೆಂಬರ್ 1ರ ನಂತರ ಇದು ಕೇರಳ. ಎಷ್ಟೋ ಮಕ್ಕಳು ಮಲಯಾಳ ಇಲ್ಲವೇ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಾರೆ. ಅವರಿಗೆ ಅಜ್ಜಿಯ ಪುಸ್ತಕದ ಲಿಪಿ ಬರುವುದಿಲ್ಲ. ನನಗೆ ಇದು ತುಂಬಾ ನೋವಿನ ವಿಷಯ. ಆದರೂ ಅಪ್ಪ ಅಮ್ಮಂದಿರಿಗೆ ನನ್ನದೊಂದು ಮಾತಿದೆ. ಮಗುವಿಗೆ ಮಲಯಾಳದಲ್ಲಿ ಅರ್ಥವಾಗುವುದಾದರೆ ಮಲಯಾಳದಲ್ಲೇ ಓದಲಿ. ಕನ್ನಡವನ್ನೂ ಕಲಿಸಿ, ಬಿಡಬೇಡಿ, ಅದು ಬೇರೆ ಹೋರಾಟ. ಬಟ್ಟೆಯಲ್ಲಿ ಸುತ್ತಿಟ್ಟ ಪುಸ್ತಕ ಮಾತ್ರ ಯಾರನ್ನೂ ಎಬ್ಬಿಸಿ ಕಳಿಸುವುದಿಲ್ಲ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಕಾಲೇಜಿಗೆ ಹೋಗುವ ಒಬ್ಬ ತಂಗಿ ಎದ್ದು ಕೇಳಿದರು. "ಸರ್, ಹಾರಿಸಿ ಓದಬಾರದು ಅಂದಿರಿ. ಹಾಗಾದರೆ ಹೆಂಗಸರು ಸಭೆಯಲ್ಲಿ ಮೌನವಾಗಿರಬೇಕು ಅಂತ ಪೌಲ ಬರೆದದ್ದನ್ನು ಎಂತ ಮಾಡುವುದು?"

ಒಳ್ಳೆಯ ಪ್ರಶ್ನೆ, ಹಾರಿಸಬೇಡಿ ಅಂದೆ. ಅದು ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೇ ಅಧ್ಯಾಯ. ಅದೇ ಪತ್ರದ 11ನೇ ಅಧ್ಯಾಯದಲ್ಲಿ ಹೆಂಗಸರು ಪ್ರಾರ್ಥನೆ ಮಾಡುವಾಗ, ಪ್ರವಾದಿಸುವಾಗ ತಲೆ ಹೇಗಿರಬೇಕು ಎಂದು ಅದೇ ಪೌಲ ಹೇಳುತ್ತಾನೆ. ಅಂದರೆ ಅವರು ಸಭೆಯಲ್ಲಿ ಬಾಯಿ ತೆರೆಯುತ್ತಿದ್ದರು, ಪೌಲನಿಗೆ ಅದು ಗೊತ್ತಿತ್ತು. ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ಫೊಯಿಬೆ ಎಂಬ ಸಭಾಸೇವಕಿಯನ್ನು ಗೌರವದಿಂದ ಬರಮಾಡಿಕೊಳ್ಳಿ ಅನ್ನುತ್ತಾನೆ. ಎರಡು ಅಧ್ಯಾಯವನ್ನೂ ಒಟ್ಟಿಗೆ ಹಿಡಿದರೆ, 14ನೆಯದು ಎಲ್ಲ ಕಾಲಕ್ಕೂ ಎಲ್ಲ ಹೆಂಗಸರ ಬಾಯಿಗೆ ಹಾಕಿದ ಬೀಗ ಅಂತ ನನಗೆ ಓದಲು ಆಗುವುದಿಲ್ಲ. ಬೇರೆ ಥರ ಓದುವ ಪ್ರಾಮಾಣಿಕರೂ ಇದ್ದಾರೆ. ನಮ್ಮ ಸಭೆ 1976ರಿಂದ ಸ್ತ್ರೀಯರಿಗೆ ಗುರುದೀಕ್ಷೆ ಕೊಡುತ್ತಿದೆ, 2013ರಲ್ಲಿ ನಂದ್ಯಾಲದಲ್ಲಿ ಒಬ್ಬ ಸ್ತ್ರೀ ಬಿಷಪ್ ಆದರು. ಅವರು ಯಾರೂ ಆ ವಚನ ಹರಿದು ಬಿಸಾಡಿ ಅಲ್ಲಿಗೆ ಹೋದವರಲ್ಲ.

ಆ ತಂಗಿ ಕೂರಲಿಲ್ಲ. "ಹಾಗಾದರೆ ಮುಂದಿನ ಭಾನುವಾರ 11 ಮತ್ತು 14 ಎರಡನ್ನೂ ಇಲ್ಲಿ ಜೋರಾಗಿ ಓದಬಹುದಾ? ನಾನೇ ಓದುತ್ತೇನೆ" ಅಂದರು. ಚರ್ಚಿನ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಅವರಲ್ಲಿ ಎಲ್ಲರಿಗಿಂತ ಹಿರಿಯವರು, "ಓದು ಮಗಾ, ಎರಡನ್ನೂ ಓದು" ಅಂದರು.